‘ಇದೇ ಕೊನೇದು’

ಕಂಪ್ಯೂಟರ್ ಸೆಂಟರಿನ ಕೆಲಸದ ಹುಡುಗಿ ಕೀಬೋರ್ಡುಗಳ ಧೂಳು ಒರೆಸುತ್ತಿದ್ದಳು. ಕಿವಿ ಮಾತ್ರ ಪಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದ ಅಕ್ಕತಂಗಿಯರ ಕಡೆಗಿತ್ತು. ಅಕ್ಕ ಹೇಳುತ್ತಿದ್ದಳು:

“ಇಲ್ಲಿ ಏನೂ ಇನ್‌ಸ್ಟಾಲ್ ಮಾಡೋಕೆ ಬಿಡಲ್ಲ ಕಣೇ. ಅದಕ್ಕೇ ಕೋಡ್ ಬರೆಯೋ ಎಡಿಟರ್, ಬರೆದದ್ದರ ಒಂದೊಂದು ರೂಪಾನೂ ಕಾಪಾಡಿಡೋ ಗಿಟ್, ಎರಡನ್ನೂ ಪೆನ್‌ಡ್ರೈವಲ್ಲೇ ಹಾಕಿದೀನಿ. ಅಲ್ಲಿಂದಲೇ ಓಡುತ್ತೆ.”

“ಗಿಟ್ ಯಾಕೆ? ನಾನು ಕಾಪಿ ಇಟ್ಕೋತೀನಲ್ಲ.”

“ಹೌದಮ್ಮಾ, ಫೈಲುಗಳಿಗೆ ‘ಕೊನೇದು’, ‘ಕೊನೇ ಕೊನೇದು’, ‘ಇದೇ ಕೊನೇದು’ ಅಂತ ಹೆಸರು! ಯಾವುದು ಸರಿ ಅಂತ ತಿಳೀದೆ ತಾನೇ ತಿಂಗಳ ಕೆಲಸ ಅಳಿಸಿಕೊಂಡು ಅತ್ತಿದ್ದು?”

“ಗಾಯದ ಮೇಲೆ ಬರೆ ಎಳೀಬೇಡ.”

“ಹಾಗಾದ್ರೆ ಕಮಿಟ್ ಮಾಡು. ಇವತ್ತಿನ ರೂಪ ಹಾಗೇ ಉಳಿಯುತ್ತೆ. ನಾಳೆ ಕೆಡಿಸಿಕೊಂಡ್ರೂ ಇಲ್ಲಿಗೆ ವಾಪಸ್ ಬರಬಹುದು.”

“ತಪ್ಪಾಗಿಬಿಟ್ರೆ?”

“ಆಗಲಿ. ನಾಳೆಯಿಂದ ನನ್ನ ಪಾಳಿ ಬದಲು. ಪಕ್ಕದಲ್ಲಿ ಕೂರೋಕೆ ನಾನಿರಲ್ಲ.”

ಅಕ್ಕ ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನಡೆದೇಬಿಟ್ಟಳು. ಕೆಲಸದ ಹುಡುಗಿಯ ಕೈಯಲ್ಲಿ ಒರೆಸುವ ಬಟ್ಟೆ ನಿಂತಿತು.

ತಂಗಿ ಕೂಗಿದಳು: “ಅಕ್ಕಾ, ಇದೊಂದ್ಸಲ ನೀನೇ ಕಮಿಟ್ ಮಾಡಿಕೊಡು.”