ಗೋಣಿಚೀಲದ ಪಂಪು

ಹೊಳಲ್ಕೆರೆಯಲ್ಲಿ ಕೆಲಸ ಮುಗಿಸಿ ಬಿ.ದುರ್ಗದ ಬಸ್ಸು ಹತ್ತಿದ ಸ್ವಾತಿಗೆ ಒಂದಿಷ್ಟು ಕಣ್ಣು ಮುಚ್ಚಿದರೆ ಸಾಕಾಗಿತ್ತು. ಮುಂದಿನ ಸೀಟಿನ ಗಂಡಹೆಂಡಿರ ಮಾತು ಅದಕ್ಕೆ ಬಿಡಲಿಲ್ಲ. ಹೆಂಡತಿಯ ತೊಡೆಯ ಮೇಲೆ, ಗೋಣಿಚೀಲದಲ್ಲಿ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪು ಇತ್ತು.

“ಪಂಪು ಸರಿಯಾಗೇ ಐತೆ ಅಂದ್ಬಿಟ್ಟ ಮೆಕ್ಯಾನಿಕ್ಕು.”

“ಮತ್ತೆ ನೇಗ್ಲು ಯಾಕ್ರೀ ಮೇಲಕ್ಕೇಳಲ್ಲ?”

“ಎಣ್ಣೆ ಸೋಸೋ ಜಾಲರಿ ಕಟ್ಕಂಡಿರಬೇಕಂತೆ. ಪಂಪಿಗೆ ಎಣ್ಣೇನೇ ಬರ್ದಿದ್ರೆ ಪ್ರೆಷರ್ ಎಲ್ಲಿಂದ ಬರ್ಬೇಕು ಅಂದ.”

“ಜಾಲರಿಗೆ ಏನ್ ಸಿಕ್ಕಂಡೈತಂತೆ?”

ಗಂಡ ಕಿಟಕಿಯಾಚೆ ನೋಡಿದ.

“ಪಂಪಿನ ಬಾಯಾಗೆ ಹಸ್ರು ದಾರದೆಳೆ ಇದ್ವು.”

“ನನ್ ಹಳೇ ಸೀರೇದು. ಎಣ್ಣೆ ಹಾಕೋ ತೂತಿನ ಮುಚ್ಚಳ ಕಳೆದೋದಾಗ ಹರಿದು ತುರುಕಿದ್ರಲ್ಲ, ಅದು.”

“ಹೂಂ.”

“ಬ್ಯಾಡ ಅಂದಿದ್ದೆ.”

“ಅಂದಿದ್ದೆ ಕಣೇ.”

“ವಾರದಿಂದ ಬದುವಿನತ್ರ ಟ್ರ್ಯಾಕ್ಟರ್ ತಿರುಗಿಸೋವಾಗೆಲ್ಲ ಹಾರೆ ಕೊಟ್ಟು ಆ ನೇಗ್ಲು ಎತ್ತಿದ್ದು ಯಾರು?”

“ನೀನೇ.”

“ಸೊಂಟ ಬಿದ್ದೋಗೈತೆ.”

“ಇವತ್ತೇ ಜಾಲರಿ ತೊಳೆದು ಹಾಕ್ತೀನಿ. ಹೊಸ ಮುಚ್ಚಳಾನೂ ತಂದಿದೀನಿ. ನಾಳೆ ನೀನು ಹೊಲಕ್ಕೆ ಬರಬ್ಯಾಡ.”

“ಮೊದ್ಲು ಅದು ಏಳ್ಲಿ, ಆಮೇಲೆ ಹೇಳ್ರಿ.”

ಬಿ.ದುರ್ಗ ಬಂತು. ಗಂಡ ಅಭ್ಯಾಸಬಲದಿಂದ ಎದ್ದು ಬಾಗಿಲ ಕಡೆ ನಡೆದೇಬಿಟ್ಟ. ಚೀಲ ಅವಳ ತೊಡೆಯ ಮೇಲೇ ಉಳಿಯಿತು.

“ರೀ, ಇದನ್ನೂ ನಾನೇ ಎತ್ತಬೇಕೇನ್ರೀ?”

ಇಳಿಯುವವರ ನಡುವೆ ದಾರಿ ಮಾಡಿಕೊಂಡು ಅವನು ಹಿಂದಕ್ಕೆ ಬಂದ. ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವಳು ಸೀಟಿನ ಕಂಬಿ ಹಿಡಿದು ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು, ಅವನ ಹಿಂದೆ ಬರಿಗೈಯಲ್ಲಿ ಇಳಿದಳು.