ಹುಸೇನಬಿ ಕೇಳಿದ ಮೆಹರ್

ಸಭೆಯ ಅಧ್ಯಕ್ಷರೇ, ವಿಜಯಪುರದಿಂದ ಈ ಬಿಸಿಲಲ್ಲಿ ಬಂದಿರುವ ಅತಿಥಿಗಳೇ, ಶಾಲು ಹೊದೆಸಿಕೊಂಡು ಮುಜುಗರದಿಂದ ಕುಳಿತಿರುವ ನಮ್ಮ ಖಾಜಿ ದಸ್ತಗೀರಸಾಹೇಬರೇ, ಊಟದ ವಾಸನೆ ಬಂದರೂ ಏಳದೆ ಕುಳಿತಿರುವ ತಿಕೋಟಾದ ಸಭಿಕರೇ, ಎಲ್ಲರಿಗೂ ಶರಣು.

ನಾನು ಹೊನವಾಡದ ಗೌರಾಬಾಯಿ. ನಮ್ಮದು ದ್ರಾಕ್ಷಿ ತೋಟ. ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಹೆಂಗಸರ ಜೊತೆ ಮಾತಾಡಿ ಗೊತ್ತೇ ಹೊರತು ಮೈಕಿನ ಮುಂದೆ ಗೊತ್ತಿಲ್ಲ. ಇಷ್ಟು ವರ್ಷ ನಿಕಾಹ ಓದಿಸಿ ಇಂದು ನಿವೃತ್ತರಾಗುತ್ತಿರುವ ಖಾಜಿ ಸಾಹೇಬರ ಸನ್ಮಾನ ಇದು. ನನಗೆ ಕೊಟ್ಟ ವಿಷಯ, ಇಸ್ಲಾಂ ಕಾನೂನಿನ ಆಧಾರಗಳು. ಲಿಂಗಾಯತರ ಮನೆಯ, ನಾಲ್ಕನೇ ಇಯತ್ತೆ ಓದಿದ ಹೆಂಗಸಿಗೆ ಇಂಥ ವಿಷಯವೇ? ನಾನೂ ಹಾಗೇ ಕೇಳಿದೆ. ಖಾಜಿ ಸಾಹೇಬರು ನಕ್ಕರು: "ಅವತ್ತಿನ ಮಾತುಕತಿ ನಿಮ್ಮ ಪಡಸಾಲ್ಯಾಗ ಆಗೇತಿ. ನೀವ ಹೇಳ್ರಿ ಗೌರಾಬಾಯಾರ, ನಾ ಹೇಳಿದ್ರ ಮಂದಿ ಮಲಗತಾರ."

ಹಾಗಾದರೆ ಆ ದಿನದ ಮಾತನ್ನೇ ಹೇಳುತ್ತೇನೆ.

ಹುಸೇನಬಿ ನಮ್ಮ ಶೆಡ್ಡಿಗೆ ಬರುವ ಹುಡುಗಿ. ತಾಯಿ ಇಲ್ಲ. ಅಪ್ಪ ಬಹಳ ಮೆತ್ತಗಿನ ಮನುಷ್ಯ. ತೋಟದಿಂದ ತೋಟಕ್ಕೆ ಹೆಂಗಸರನ್ನು ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಕರೆದೊಯ್ಯುತ್ತಿದ್ದೆವು. ಅವಳು ಸೊಂಟ ಹಿಡಿದುಕೊಂಡು ಇಳಿಯುತ್ತ ಅನ್ನುತ್ತಿದ್ದಳು: "ಗೌರಕ್ಕಾ, ಹಿಂದ ಕುಂತು ಕುಂತು ಎಲುಬು ಸಡಿಲಾದ್ವು. ಒಂದಿನ ಮುಂದಿನ ಸೀಟಿನ ಮ್ಯಾಲ ನಾ ಕೂಡಾಕಿನ ನೋಡ್." ಟ್ರ್ಯಾಕ್ಟರಿನಿಂದ ಬಳ್ಳಿಗೆ ಔಷಧ ಹೊಡೆಯುವ ಹೊತ್ತಿಗೆ ಡ್ರೈವರ್ ಸಿಗದೆ ನಾವು ಒದ್ದಾಡುವುದನ್ನು ಅವಳು ಕಂಡಿದ್ದಳು. ಆ ಕೆಲಸ ಕಲಿತರೆ ಯಾರ ಮುಂದೆಯೂ ಕೈಚಾಚಿ ನಿಲ್ಲಬೇಕಿಲ್ಲ ಎಂಬುದು ಅವಳ ಲೆಕ್ಕ.

ಬಬಲೇಶ್ವರದ ಲಾಲಸಾಬರು ತಮ್ಮ ಮಗ ದಾವಲಸಾಬನಿಗೆ ಅವಳನ್ನು ಕೇಳಿಕೊಂಡು ಬಂದರು. ಅವರಿಗೆ ಸ್ವಂತ ಟ್ರ್ಯಾಕ್ಟರ್ ಇದೆ. ಅವಳ ಮನೆ ಚಿಕ್ಕದು, ಆದ್ದರಿಂದ ಮಾತುಕತೆ ನಮ್ಮ ಪಡಸಾಲೆಯಲ್ಲಿ. ಹುಡುಗ, ಹುಡುಗಿ ಒಪ್ಪಿದರು. ಉಳಿದದ್ದು ಮೆಹರ್. ಮೆಹರ್ ಎಂದರೆ ನಿಕಾಹದಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದದ್ದು. ಖಾಜಿ ಸಾಹೇಬರು ಒಳಕೋಣೆಯ ಬಾಗಿಲಿಗೆ ಮುಖ ಮಾಡಿ, "ಏನ್ ಬೇಕವ್ವಾ ನಿನಗ?" ಎಂದು ಕೇಳಿದರು.

ನಾನು ಆ ಬಾಗಿಲಲ್ಲೇ ನಿಂತಿದ್ದೆ, ಒಳಗೆ ನನ್ನ ಪಕ್ಕದಲ್ಲಿ ಹುಸೇನಬಿ. ಹೆಣ್ಣನ್ನೇ ಕೇಳುವುದೇ? ನನ್ನನ್ನು ನೋಡಲು ಬಂದವರು ಕೇಳಿದ್ದು ಒಂದೇ ಪ್ರಶ್ನೆ, "ಉಪ್ಪಿಟ್ಟು ಯಾರ್ ಮಾಡ್ಯಾರ?" ನಾನು ಎಂದೆ. ಆಮೇಲೆ ಇಂದಿನವರೆಗೆ ಯಾರೂ ಏನೂ ಕೇಳಿಲ್ಲ. ಇರಲಿ, ಅದು ಇಂದಿನ ವಿಷಯವಲ್ಲ.

ಒಳಗಿನಿಂದ ಧ್ವನಿ ಬಂತು: "ನನಗ ಟ್ರ್ಯಾಕ್ಟರ್ ಹೊಡಿಯೋದು ಕಲಸ್ಲಿರಿ."

ಲಾಲಸಾಬರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಇದ್ಯಾವ ಕಿತಾಬಿನ್ಯಾಗ ಐತ್ರಿ ಖಾಜಿಸಾಬ್ರ? ಬಬಲೇಶ್ವರದ ಮಂದಿ ಹೊಟ್ಟಿ ಹಿಡ್ಕೊಂಡು ನಗತಾರ. ಏಳೋ ದಾವಲ್ಯಾ, ನಡಿ!"

ಎದ್ದೇ ಬಿಟ್ಟರು, ಚಪ್ಪಲಿ ಹುಡುಕತೊಡಗಿದರು. ಹುಸೇನಬಿ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಳೆಂದರೆ ಬಳೆ ಒತ್ತಿದವು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಆದರೆ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಖಾಜಿ ಸಾಹೇಬರು ಕೂತಲ್ಲಿಂದಲೇ, "ಚಪ್ಲಿ ಎಲ್ಲೂ ಹೋಗೂದಿಲ್ಲ ಲಾಲಸಾಬ, ಕುಂಡ್ರು. ಯಾವ ಕಿತಾಬು ಅಂತ ಕೇಳಿದೆಲ್ಲಾ, ಉತ್ತರ ಕೇಳಿ ಹೋಗು" ಎಂದರು.

ಸಭಿಕರೇ, ಇಲ್ಲಿಂದ ನನ್ನ ವಿಷಯ ಶುರು. ಖಾಜಿ ಸಾಹೇಬರು ಹೇಳಿದ ಪ್ರಕಾರ, ಮೊದಲು ನೋಡುವುದು ಕುರಾನ್. ಹೆಂಗಸರಿಗೆ ಅವರ ಮೆಹರನ್ನು ಸಂತೋಷದಿಂದ ಕೊಡಿ ಎಂದು ಅಲ್ಲಿದೆ. "ಟ್ರ್ಯಾಕ್ಟರ್ ಇಲ್ಲಲ್ರಿ" ಎಂದರು ಲಾಲಸಾಬರು. "ಅದಕ್ಕ ಮುಂದ ಹೋಗೂಣು" ಎಂದರು ಖಾಜಿ ಸಾಹೇಬರು. ಮುಂದಿನದು ಸುನ್ನಾ, ಪೈಗಂಬರರ ನಡೆನುಡಿ. ಅವರ ಕಾಲದಲ್ಲಿ ಒಬ್ಬ ಬಡವನ ಹತ್ತಿರ ಮೆಹರಿಗೆ ಕಬ್ಬಿಣದ ಉಂಗುರವೂ ಇರಲಿಲ್ಲ. ನಿನಗೆ ಕುರಾನ್ ಎಷ್ಟು ಬರುತ್ತದೆ ಎಂದು ಕೇಳಿ, ಬರುವಷ್ಟನ್ನು ಹೆಂಡತಿಗೆ ಕಲಿಸುವುದೇ ಮೆಹರ್ ಎಂದು ನಿಕಾಹ ಮಾಡಿಸಿದರು. ಆಮೇಲೆ ಇಜ್ಮಾ, ಅಂದರೆ ತಿಳಿದವರೆಲ್ಲ ಒಮ್ಮತಕ್ಕೆ ಬಂದ ಮಾತು. ಮೆಹರ್ ಹೆಣ್ಣಿನ ಹಕ್ಕು, ಅವಳ ಅಪ್ಪನದೂ ಅಲ್ಲ, ಮಾವನದೂ ಅಲ್ಲ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.

"ಮಾವಂದೂ ಅಲ್ಲ" ಎನ್ನುವಾಗ ಖಾಜಿ ಸಾಹೇಬರು ಲಾಲಸಾಬರನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ಈ ಮೂರರಲ್ಲೂ ನೇರ ಉತ್ತರ ಸಿಗದಿದ್ದರೆ ಕಿಯಾಸ್. ಹಳೆಯ ಸಂಗತಿಯ ಜೊತೆ ಹೊಸದನ್ನು ಇಟ್ಟು ನೋಡುವುದು. "ನಮಗ ಬೇಕಾದಂಗ ಹೋಲಿಸೂದಲ್ಲ. ಎರಡಕ್ಕೂ ಕಾರಣ ಒಂದ ಇರಬೇಕು. ಅಲ್ಲಿ ಕಲಸೂದು, ಇಲ್ಲೂ ಕಲಸೂದು. ಹೆಣ್ಣಿಗಿ ಉಪಯೋಗ ಆಗೂದು ಅಲ್ಲೂ ಐತಿ, ಇಲ್ಲೂ ಐತಿ" ಎಂದರು. ಮೆಹರ್ ವಸ್ತುವಿನ ರೂಪದಲ್ಲೇ ಇರಬೇಕು ಎನ್ನುವ ಹಿರಿಯರೂ ಇದ್ದಾರಂತೆ. ಅವರ ಮಾತೂ ಕೆಳಗೆ ಬೀಳದಿರಲಿ ಎಂದು ಬೆಳ್ಳಿ ಕಡಗವನ್ನೂ ಸೇರಿಸಿದರು.

ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಹುಡುಗ ಕೆಮ್ಮಿದ. "ಖಾಜಿಸಾಬ್ರ, ಒಂದು ಮಾತ್ರಿ... ನನಗ ಟ್ರ್ಯಾಕ್ಟರ್ ಹೊಡಿಯಾಕ ಬರೂದಿಲ್ರಿ."

ಬರುವುದಿಲ್ಲವೇ! ಮನೆಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡು!

"ಅಪ್ಪಾ ಚಾವಿ ಮುಟ್ಟಾಕ ಕೊಟ್ಟಿಲ್ರಿ. ತಲಿದಿಂಬಿನ ಕೆಳಗ ಇಟ್ಕೊಂಡು ಮಲಗತಾನ."

ಪಡಸಾಲೆ ನಗೆಯಿಂದ ತುಂಬಿತು. ಲಾಲಸಾಬರ ಮುಖ ಕೆಂಪಾಯಿತು. ಆದರೆ ಖಾಜಿ ಸಾಹೇಬರು ನಗಲಿಲ್ಲ. ತನಗೆ ಬಾರದ್ದನ್ನು ಅವನು ಕಲಿಸುವುದು ಹೇಗೆ? ಮಾತು ಮತ್ತೆ ಮುರಿಯುವ ಹಾಗಾಯಿತು. ಆಗ ಒಳಗಿನಿಂದ ಹುಸೇನಬಿಯೇ ಅಂದಳು: "ಮೊದ್ಲ ಅವರು ಕಲೀಲಿರಿ. ಆಮ್ಯಾಲ ನನಗ ಕಲಸ್ಲಿ. ನಾ ಕಾಯ್ತೇನಿ. ಆದ್ರ ಬಿಡೂದಿಲ್ಲ."

ಮೆಹರನ್ನು ಒಪ್ಪಿಕೊಂಡು ತಡವಾಗಿ ಕೊಡುವುದಕ್ಕೆ ದಾರಿ ಇದೆಯಂತೆ. "ತಡ ಆದ್ರ ತೀರಿತು ಅಂತಲ್ಲ, ಬಾಕಿ ಅಂತ" ಎಂದು ಖಾಜಿ ಸಾಹೇಬರು ಬಿಡಿಸಿ ಹೇಳಿದರು. ಲಾಲಸಾಬರು ಗಡ್ಡ ಸವರಿದರು. ಕೊನೆಗೆ ಜೇಬಿನಿಂದ ಚಾವಿ ತೆಗೆದು ಮಗನ ಮುಂದೆ ಇಟ್ಟರು. "ಗೇರು ಮುರದ್ರ ಮಾತ್ರ ನಿನ್ನ ಕಾಲ್ ಮುರೀತೇನಿ, ಮಗನ."

ನಿಕಾಹ ಆಯಿತು, ದಾವಲಸಾಬ ತಾನು ಕಲಿತು ಅವಳಿಗೂ ಕಲಿಸಿದ. ಈಗ ಅವರ ತೋಟದಲ್ಲಿ ಟ್ರ್ಯಾಕ್ಟರ್ ಮೇಲೆ ಕೂತು ಔಷಧ ಹೊಡೆಯುವವಳು ಹುಸೇನಬಿ. ಬಾಡಿಗೆಗೂ ಹೋಗುತ್ತಾಳೆ, ಮೊದಲು ಕರೆದವರು ಲಾಲಸಾಬರ ತಮ್ಮನವರೇ. ಅತ್ತೆಯ ಕಡೆಯವರು ಸೇರಿದಾಗಲೆಲ್ಲ, "ಎಲ್ಲಾ ಕಲತೀದಿ, ಇನ್ನ ಮೆಹರ್ ಮುಟ್ಟಿತು ಅಂದುಬಿಡ ಬೇ" ಎನ್ನುತ್ತಾರೆ. ಅವಳು ಅನ್ನುವುದಿಲ್ಲ. ಟ್ರೇಲರ್ ಹಚ್ಚಿ ಹಿಂದಕ್ಕೆ ಹೊಡೆಯುವುದು ಇನ್ನೂ ಬಂದಿಲ್ಲವಂತೆ. ನಿಜ ಹೇಳಬೇಕೆಂದರೆ ದಾವಲಸಾಬನಿಗೂ ಬರುವುದಿಲ್ಲ. ಇಬ್ಬರೂ ಸೇರಿ ಹೋದ ವಾರ ಹಿತ್ತಲ ಗೋಡೆ ಕೆಡವಿದ್ದಾರೆ.

ಹಿರಿಯರೇ, ವಿಷಯ ಮುಗಿಯಿತು. ಆದರೆ ಆ ದಿನದಿಂದ ನನ್ನ ತಲೆಯಲ್ಲಿ ಒಂದು ಕಿಯಾಸ್ ತಿರುಗುತ್ತಿದೆ. ಇದು ಖಾಜಿ ಸಾಹೇಬರ ತೀರ್ಪಲ್ಲ, ನನ್ನ ಹೋಲಿಕೆ. ತಪ್ಪಿದ್ದರೆ ಊಟವಾದ ಮೇಲೆ ಬೈಯಲಿ. ನಮ್ಮಲ್ಲಿ ಮೆಹರ್ ಇಲ್ಲ. ಆದರೆ ಕಾರಣ? ಕಾರಣ ಒಂದೇ ಅಲ್ಲವೇ? ಲಗ್ನವಾಗಿ ಬಂದವಳ ಕೈಯಲ್ಲಿ ಅವಳದೇ ಎನ್ನುವುದು ಏನಾದರೂ ಇರಬೇಕಲ್ಲವೇ?

ನಮ್ಮ ಮನೆಯವರು ಗುರಲಿಂಗಪ್ಪನವರು ಕಂಬದ ಹತ್ತಿರ ಕೂತಿದ್ದಾರೆ. ರೀ, ಏಳಬೇಡಿ, ಕೂಡ್ರಿ. ಮದುವೆಯಾಗಿ ಬಂದಾಗಿನಿಂದ ನಾನು ಒಣದ್ರಾಕ್ಷಿ ಆರಿಸಿದ್ದೇನೆ. ಅದು ಮಾರುವ ವಿಜಯಪುರದ ಪೇಟೆಯನ್ನು ಒಂದು ದಿನವೂ ನೋಡಿಲ್ಲ. ದಲಾಲರ ಜೊತೆ ಹೇಗೆ ಮಾತಾಡಬೇಕು, ಯಾವಾಗ ಹೂಂ ಅನ್ನಬೇಕು, ಯಾವಾಗ ಚೀಲ ಕಟ್ಟಿಕೊಂಡು ಎದ್ದು ಬರಬೇಕು, ಅದೆಲ್ಲ ನಿಮಗೆ ಬರುತ್ತದೆ. ನನಗೆ ಕಲಿಸಿ. ಈ ಸುಗ್ಗಿಗೆ ನಾನೂ ಬರುತ್ತೇನೆ. ಇಷ್ಟು ವರ್ಷ ತಡವಾಗಿದೆ, ಬಾಕಿ ಮಾತ್ರ ಹಾಗೆಯೇ ಇದೆ.

ತಲೆ ಆಡಿಸಿದರು! ನೋಡಿದಿರಲ್ಲ ಎಲ್ಲರೂ? ನಿಕಾಹಕ್ಕೆ ಇಬ್ಬರು ಸಾಕ್ಷಿ ಇದ್ದರೆ ನಡೆಯುತ್ತದಂತೆ. ನನಗೆ ತಿಕೋಟಾವೇ ಸಾಕ್ಷಿಯಾಗಿ ಕೂತಿದೆ.

ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದ ಹಿರಿಯರಿಗೂ, ನಗುತ್ತ ಕೂತ ನಿಮಗೂ ಉಪಕಾರ ಹೇಳುತ್ತೇನೆ. ಖಾಜಿ ಸಾಹೇಬರಿಗೆ ಒಳ್ಳೆಯ ವಿಶ್ರಾಂತಿ ಸಿಗಲಿ, ನಮಗೆಲ್ಲ ಬೇಗ ಊಟ ಸಿಗಲಿ. ನಮಸ್ಕಾರ.