ಬೀರಯ್ಯ ಅಳೆದ ಸಾಲು

ಮಧ್ಯಾಹ್ನ ಮೂರಕ್ಕೇ ಮಳೆ ಹಿಡಿಯಿತು. ಬುಕ್ಕಾಂಬುಧಿ ಕೆರೆ ಏರಿಯ ಕೆಳಗಿನ ಸರ್ವೆ ಶೆಡ್ಡಿನಲ್ಲಿ ನಾನು, ಭವ್ಯ, ಕೋಮಲಾ ಕುಳಿತಿದ್ದೆವು. ಕೆರೆಯ ಆಳ ಅಳೆದು ನಕ್ಷೆ ಮಾಡುವುದು ನಮ್ಮ ಕೆಲಸ. ಅದರ ಪ್ರೋಗ್ರಾಮ್ ಬರೆದ ಮಲ್ಲಿಕಾಂಬ ಮೇಡಂಗೆ ಈಗ ಎಪ್ಪತ್ತು ದಾಟಿದೆ. ಬೆಳಿಗ್ಗೆ ಅವರೇ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದಿದ್ದರು.

“ಪೈಥಾನ್ ಪ್ರೋಗ್ರಾಮಿಂದ ಸಿ ಭಾಷೆ ಪ್ರೋಗ್ರಾಮಿಗೆ ಕೋಷ್ಟಕ ಕಳಿಸುವಾಗ ಸಾಲೆಷ್ಟು ಅಂತ ಬೇರೆ ಯಾಕೆ ಹೇಳ್ಬೇಕು ಮೇಡಂ?” ಎಂದಳು ಕೋಮಲಾ.

ಮೇಡಂ ಟೀ ಲೋಟ ಕೆಳಗಿಟ್ಟರು.

“ಯಾಕೆ ಅಂದ್ರೆ, ‘ಸಿ’ಗೆ ನಾವು ಕೊಡೋದು ಕೋಷ್ಟಕದ ಮೊದಲ್ನೇ ಮನೆ ವಿಳಾಸ ಅಷ್ಟೇ ಕಣೇ. ಉದ್ದ ಅಗಲ ಅದಕ್ಕೇನ್ ಗೊತ್ತು? ಒಂದು ಸಾಲು ಹೆಚ್ಚಿಗೆ ಹೇಳಿದ್ರೆ, ಆಚೆಗೆ ಮೆಮೊರೀಲಿ ಏನ್ ಬಿದ್ದಿದ್ಯೋ ಅದನ್ನೇ ಓದ್ಕೊಂಡ್ ಬರುತ್ತೆ... ಕಸ. ನಾನೂ ಹಂಗೇ ಅಂದ್ಕೊಂಡಿದ್ದೆ.

ಹನ್ನೆರಡು ವರ್ಷದ ಹಿಂದೆ, ಇದೇ ಕೆರೆ. ನಲವತ್ತು ಸಾಲು, ಸಾಲಿಗೆ ಅರವತ್ತು ಮನೆ, ಒಂದೊಂದು ಮನೇಲೂ ಅಲ್ಲಿನ ಆಳ. ತೆಪ್ಪದಲ್ಲಿ ಹೋಗಿ, ಗಳ ಇಳಿಸಿ ಅಳೀತಿದ್ದೋನು ಬೀರಯ್ಯ. ನಲವತ್ತೂ ಮುಗಿಸಿ, ‘ಅಮ್ಮಾ, ತೂಬಿನ್ ತಾವ ಇನ್ನೊಂದ್ ಸಾಲೈತೆ, ಅಳದು ಬತ್ತೀನಿ’ ಅಂತ ಹೋದ... ತೆಪ್ಪ ಬಂತು. ಅವನು ಬರ್ಲಿಲ್ಲ. ಮೂರನೇ ದಿನ ಹೆಣ ತೇಲ್ತು.

ಆಗಿರೋ ನಲವತ್ತನ್ನೇ ನಾನು ‘ಸಿ’ಗೆ ಕಳಿಸ್ದೆ. ನಲವತ್ತು ಅಂತಲೇ ಹೇಳ್ದೆ. ವಾಪಸ್ ಬಂದಿದ್ದು ನಲವತ್ತೊಂದು! ಬೇರೆ ಮಷೀನಲ್ಲಿ ಓಡಿಸ್ದೆ, ಆಗ್ಲೂ ನಲವತ್ತೊಂದು. ಕಸ ಆಗಿದ್ರೆ ಒಂದೊಂದ್ ಸಲ ಒಂದೊಂದ್ ಥರ ಇರ್ಬೇಕಲ್ವಾ? ಇದು ಅದೇ ಅರವತ್ತು ಅಂಕಿ. ನಾಲ್ಕಡಿ, ನಾಲ್ಕೂವರೆ, ನಾಲ್ಕಡಿ... ನಡುವೆ ಒಂದ್ಕಡೆ ಮಾತ್ರ ಮೂವತ್ತೊಂದು.

ಮಾರನೇ ದಿನ ತೂಬು ರಿಪೇರಿಗೆ ಹೊನ್ನೇಶ ಅಂತ ಒಬ್ಬ ಕೆಲಸದ ಹುಡುಗ ಅಲ್ಲೇ ನೀರಿಗಿಳೀಬೇಕಿತ್ತು. ಈಜು ಬರಲ್ಲ ಅವನಿಗೆ. ‘ಎದೆಮಟ್ಟ ನೀರು ಮೇಡಮ್ಮೋರೆ, ನಡ್ಕೊಂಡೇ ಹೋಯ್ತೀನಿ’ ಅಂದ. ಬಿಡ್ಲಿಲ್ಲ ನಾನು, ರಟ್ಟೆ ಹಿಡಿದು ನಿಲ್ಸಿದೆ. ಎಲ್ರೂ ನಕ್ಕರು. ನಗ್ಲಿ ಬಿಡು! ತೆಪ್ಪದಲ್ಲಿ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ವಿ. ಇಳೀತು... ಇಳೀತು... ಇಳೀತಾನೇ ಹೋಯ್ತು. ಮೂವತ್ತೊಂದಡಿ. ಒಂದಂಗುಲ ಹೆಚ್ಚಿಲ್ಲ, ಕಮ್ಮಿ ಇಲ್ಲ. ಹೊನ್ನೇಶ ಏರಿ ಮೇಲಿಂದ್ಲೇ ನಂಗೆ ಕೈ ಮುಗ್ದ. ಅವನ ಹೆಂಡ್ತಿ ಆಗ ಬಸುರಿ. ಈಗ ಕಡೂರಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಕೊಂಡಿದಾನೆ.

ಬೀರಯ್ಯನ ಸಾಲನ್ನ ನಾನೇ ನಕ್ಷೆಗೆ ಸೇರಿಸ್ದೆ. ಸತ್ತೋನು ಮುಗಿಸಿದ್ದ ಕೆಲಸ, ಕಸ ಅಂತ ಹೆಂಗ್ ಅಳಿಸ್ಲಿ?”

ಭವ್ಯ ಮೆಲ್ಲಗೆ ಕೇಳಿದಳು: “ಅಲ್ಲಿಗೆ ಎಲ್ಲಾ ಸರಿಹೋಯ್ತಾ ಮೇಡಂ?”

ಮೇಡಂ ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದರು. ಅವರ ದನಿ ಸ್ವಲ್ಪವೂ ಅಲುಗಲಿಲ್ಲ.

“ಹನ್ನೆರಡು ವರ್ಷ ಸರಿಯಾಗೇ ಇತ್ತು ಕಣೇ. ನಲವತ್ತೊಂದು ಕಳಿಸಿದ್ರೆ ನಲವತ್ತೊಂದೇ ಬರ್ತಿತ್ತು. ಈಗಷ್ಟೇ ನಲವತ್ತೆರಡು ಬಂದಿದೆ... ಈ ಹೊಸ ಸಾಲು ಬೀಳೋದು ಕೆರೆ ಒಳಗಲ್ಲ, ಏರಿಯಿಂದ ಈಚೆಗೆ. ಕೋಷ್ಟಕದಲ್ಲಿ ಈ ಶೆಡ್ಡು ಇರೋ ಮನೇಲಿ ಹತ್ತಡಿ ನೀರು ಅಂತ ಬೀರಯ್ಯ ಬರ್ದಿದಾನೆ. ಅವನ ಅಳತೆ ಯಾವತ್ತೂ ತಪ್ಪಿಲ್ಲ. ಚೀಲ ಬಿಡಿ... ಏಳಿ.”